ಕಲಾವಿದ ಕೆ. ವೆಂಕಟಪ್ಪ (1886–1965): ಜೀವನ ಮತ್ತು ಸಾಧನೆ

ಪೀಠಿಕೆ

ಬೆಂಗಳೂರು ನಗರದ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡಂತೆ ವೆಂಕಟಪ್ಪ ಚಿತ್ರಶಾಲೆಯು ಇರುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಪಶ್ಚಿಮ ಭಾಗದ ಬಡಾವಣೆಗಳಿಂದ ರಜಾದಿನಗಳಲ್ಲಿ ಮಕ್ಕಳೊಡನೆ ಕಬ್ಬನ್ ಉದ್ಯಾನಕ್ಕೆ ಬರುವ ಅನೇಕ ನಾಗರಿಕರು ಈ ಹೆಸರನ್ನು ನಾಮಫಲಕದಲ್ಲಿ ಓದಿರುತ್ತಾರೆ. ಆದರೆ ಈ ಹೆಸರಿನ ವ್ಯಕ್ತಿ ಯಾರು, ಸಾರ್ವಜನಿಕ ಚಿತ್ರಶಾಲೆಯೊಂದಕ್ಕೆ ಅವರ ಹೆಸರನ್ನೇ ಇರಿಸಿದ್ದು ಏಕೆ ಎಂಬ ವಿಷಯವು ಎಲ್ಲರಿಗೂ ತಿಳಿದಿರುವುದಿಲ್ಲ. ಸಂದರ್ಶಕರು ಚಿತ್ರಗಳ ಎದುರು ನಿಲ್ಲುವ ಮೊದಲು ಅವುಗಳನ್ನು ರಚಿಸಿದವರ ಬದುಕನ್ನು ಅರಿತಿದ್ದರೆ ಭೇಟಿಯು ಹೆಚ್ಚು ಸಾರ್ಥಕವಾಗುತ್ತದೆ. ಈ ಉದ್ದೇಶದಿಂದ ಶ್ರೀ ಕೆ. ವೆಂಕಟಪ್ಪನವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ವೆಂಕಟಪ್ಪನವರು ಚಿತ್ರಕಾರರು, ಉಬ್ಬುಶಿಲ್ಪಿ ಮತ್ತು ವೈಣಿಕರು. ಕರ್ನಾಟಕದ ಆಧುನಿಕ ಚಿತ್ರಕಲೆಯ ಇತಿಹಾಸವನ್ನು ಬರೆಯುವಾಗ ಮೊದಲ ಸಾಲಿನಲ್ಲಿಯೇ ಇವರ ಹೆಸರು ಬರುತ್ತದೆ. ಅವರ ಜೀವನದುದ್ದಕ್ಕೂ ಒಂದು ಪ್ರಶ್ನೆ ಹರಿದು ಬಂದಿರುವುದನ್ನು ಕಾಣಬಹುದು. ಕಲಾವಿದನು ಆಶ್ರಯದಾತರ ಸೇವಕನೇ ಅಥವಾ ತನ್ನ ಕೃತಿಗೆ ತಾನೇ ಒಡೆಯನೇ, ಆ ಕೃತಿಯು ಕೊನೆಗೆ ಸೇರಬೇಕಾದುದು ಯಾರಿಗೆ ಎಂಬುದೇ ಆ ಪ್ರಶ್ನೆ.

ಜನನ ಮತ್ತು ಮನೆತನ

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ ಜನಿಸಿದರು. ಅವರದು ಚಿತ್ರ ಬರೆಯುವುದನ್ನೇ ಕುಲವೃತ್ತಿಯಾಗಿ ನಡೆಸಿಕೊಂಡು ಬಂದ ಮನೆತನ. ವಿಜಯನಗರದ ಅರಸರ ಕಾಲದ ಚಿತ್ರಕಾರರ ಪರಂಪರೆಗೆ ಈ ಮನೆತನವು ಸೇರಿದುದೆಂದು ಹೇಳಲಾಗುತ್ತದೆ. ಇಂತಹ ಮನೆಗಳಲ್ಲಿ ಬಣ್ಣ ಅರೆಯುವುದು, ಕುಂಚ ಹಿಡಿಯುವುದು, ರೇಖೆಯನ್ನು ತಿದ್ದುವುದು ಎಲ್ಲವೂ ಹಿರಿಯರಿಂದ ಕಿರಿಯರಿಗೆ ಮನೆಯಲ್ಲಿಯೇ ಹರಿದು ಬರುತ್ತಿದ್ದ ವಿದ್ಯೆಗಳು. ಚಿತ್ರಕಾರನು ಅರಮನೆಯ ಅಥವಾ ದೇವಾಲಯದ ಅಪ್ಪಣೆಯಂತೆ ಕೆಲಸ ಮಾಡಿ, ಅದಕ್ಕೆ ತಕ್ಕ ಸಂಬಳವನ್ನೋ ಉಡುಗೊರೆಯನ್ನೋ ಪಡೆಯುತ್ತಿದ್ದನು. ಚಿತ್ರದಲ್ಲಿ ಅವನ ಹೆಸರು ಇರಬೇಕೆಂಬ ನಿಯಮವೂ ಇರಲಿಲ್ಲ.

ಅವರ ಬಾಲ್ಯದ ಕಾಲವು ಮೈಸೂರಿನಲ್ಲಿ ಬದಲಾವಣೆಯ ಕಾಲವಾಗಿತ್ತು. 1897ರಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಅದೇ ಸ್ಥಳದಲ್ಲಿ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಹೊಸ ಅರಮನೆಯ ನಿರ್ಮಾಣವು ಆರಂಭವಾಗಿ 1912ರಲ್ಲಿ ಪೂರ್ಣಗೊಂಡಿತು. 1902ರಲ್ಲಿ ಪೂರ್ಣಾಧಿಕಾರ ವಹಿಸಿಕೊಂಡ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಸಂಗೀತ, ಚಿತ್ರಕಲೆ ಮತ್ತು ಶಿಲ್ಪಕಲೆಗೆ ಉದಾರ ಪೋಷಣೆ ನೀಡಿದರು. ಯುವಕ ವೆಂಕಟಪ್ಪನ ಕೈಚಳಕವು ಅರಮನೆಯ ಗಮನಕ್ಕೆ ಬಂದಿತು. ಹೆಚ್ಚಿನ ವ್ಯಾಸಂಗಕ್ಕಾಗಿ ಸಂಸ್ಥಾನದ ವಿದ್ಯಾರ್ಥಿ ವೇತನದೊಡನೆ ಅವರನ್ನು ಕಲ್ಕತ್ತೆಗೆ ಕಳುಹಿಸಲಾಯಿತು.

ಕಲ್ಕತ್ತೆಯ ವ್ಯಾಸಂಗ

1909ರಲ್ಲಿ ವೆಂಕಟಪ್ಪನವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಸೇರಿದರು. ಆಗ ಪರ್ಸಿ ಬ್ರೌನ್ ಅವರು ಪ್ರಾಂಶುಪಾಲರಾಗಿದ್ದು, ಅವನೀಂದ್ರನಾಥ ಠಾಕೂರರು ಉಪಪ್ರಾಂಶುಪಾಲರಾಗಿದ್ದರು. 1905ರ ಬಂಗಾಳ ವಿಭಜನೆಯ ನಂತರ ಎದ್ದ ಸ್ವದೇಶಿ ಚಳವಳಿಯ ಕಾವು ಆ ನಗರದಲ್ಲಿ ಇನ್ನೂ ಆರಿರಲಿಲ್ಲ. ಚಿತ್ರಕಲೆಯಲ್ಲಿಯೂ ಯುರೋಪಿನ ತೈಲವರ್ಣ ಶೈಲಿಯ ಅನುಕರಣೆಯನ್ನು ಬಿಟ್ಟು, ಅಜಂತೆಯ ಭಿತ್ತಿಚಿತ್ರಗಳು, ಮೊಘಲ್ ಮತ್ತು ರಾಜಪುತ ಕಿರುಚಿತ್ರಗಳಿಂದ ಸ್ಫೂರ್ತಿ ಪಡೆಯಬೇಕೆಂಬ ವಿಚಾರವು ಅವನೀಂದ್ರನಾಥರ ಸುತ್ತ ಬೆಳೆದಿತ್ತು. ಇದನ್ನೇ ಮುಂದೆ ಬಂಗಾಳ ಪಂಥವೆಂದು ಕರೆಯಲಾಯಿತು. ನಂದಲಾಲ ಬಸು, ಅಸಿತ ಕುಮಾರ ಹಾಲದಾರ್, ಕ್ಷಿತೀಂದ್ರನಾಥ ಮಜುಂದಾರ್ ಮೊದಲಾದವರು ಅವನೀಂದ್ರನಾಥರ ಶಿಷ್ಯರ ಬಳಗದಲ್ಲಿದ್ದರು. ದಕ್ಷಿಣದ ಮೈಸೂರಿನಿಂದ ಹೋದ ವೆಂಕಟಪ್ಪನವರು ಆ ಬಳಗದಲ್ಲಿ ಶೀಘ್ರವೇ ತಮ್ಮ ಸ್ಥಾನವನ್ನು ಗಳಿಸಿಕೊಂಡರು.

ಈ ಪಂಥದ ಮುಖ್ಯ ತಂತ್ರವೆಂದರೆ ಜಲವರ್ಣದ ತೊಳೆತದ ವಿಧಾನ. ಕಾಗದದ ಮೇಲೆ ತೆಳುವಾದ ಬಣ್ಣವನ್ನು ಹಚ್ಚಿ, ಅದು ಒಣಗಿದ ನಂತರ ಕಾಗದವನ್ನು ನೀರಿನಲ್ಲಿ ನೆನೆಸಿ, ಮತ್ತೆ ಬಣ್ಣ ಹಚ್ಚಿ, ಮತ್ತೆ ತೊಳೆಯಲಾಗುತ್ತದೆ. ಹೀಗೆ ಹಲವು ಬಾರಿ ಮಾಡಿದಾಗ ಬಣ್ಣವು ಕಾಗದದ ಒಳಗೆ ಇಳಿದು, ಮಂಜಿನಂತಹ ಮೃದುತ್ವವು ಮೂಡುತ್ತದೆ. 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಷಿದಾ ಷುನ್ಸೊ ಅವರ ಒಡನಾಟದಿಂದ ಅವನೀಂದ್ರನಾಥರು ಈ ವಿಧಾನವನ್ನು ರೂಪಿಸಿಕೊಂಡಿದ್ದರು. ವೆಂಕಟಪ್ಪನವರು ಈ ತಂತ್ರವನ್ನು ಕರಗತ ಮಾಡಿಕೊಂಡರಾದರೂ ಮನೆತನದಿಂದ ಬಂದ ಸೂಕ್ಷ್ಮ ರೇಖೆಯನ್ನು ಬಿಟ್ಟುಕೊಡಲಿಲ್ಲ. ಅವರ ಚಿತ್ರಗಳಲ್ಲಿ ಆಭರಣದ ಒಂದೊಂದು ಮಣಿಯೂ, ವಸ್ತ್ರದ ಒಂದೊಂದು ನೆರಿಗೆಯೂ ಸ್ಪಷ್ಟವಾಗಿ ಕಾಣುತ್ತವೆ.

ವಿದ್ಯಾರ್ಥಿ ದೆಸೆಯಲ್ಲಿಯೇ ಅವರ ಕೆಲಸವು ಹೊರದೇಶಗಳ ಓದುಗರನ್ನೂ ತಲುಪಿತು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ರಚಿಸಿದ ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥವು 1913ರಲ್ಲಿ ಪ್ರಕಟವಾಯಿತು. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಅದರ ವರ್ಣಚಿತ್ರಗಳ ಪೈಕಿ ರಾಮಾಯಣ ಪ್ರಸಂಗದ ಹಲವು ಚಿತ್ರಗಳು ವೆಂಕಟಪ್ಪನವರವು. 1914ರಲ್ಲಿ ಅವನೀಂದ್ರನಾಥರು ಭಾರತೀಯ ಕಲೆಯ ಅಂಗಲಕ್ಷಣಗಳನ್ನು ಕುರಿತು ಬರೆದ ಕಿರುಗ್ರಂಥಕ್ಕೆ ರೇಖಾಚಿತ್ರಗಳನ್ನು ಒದಗಿಸಿದವರು ನಂದಲಾಲ ಬಸು ಮತ್ತು ವೆಂಕಟಪ್ಪನವರು. ಕಣ್ಣನ್ನು ಮೀನಿಗೆ, ಭುಜವನ್ನು ಆನೆಯ ತಲೆಗೆ ಹೋಲಿಸುವ ಶಿಲ್ಪಶಾಸ್ತ್ರದ ಮಾತುಗಳು ಆ ಗ್ರಂಥದಲ್ಲಿ ರೇಖೆಯ ರೂಪ ತಳೆದಿವೆ.

ಮೈಸೂರಿಗೆ ಹಿಂದಿರುಗಿದ ನಂತರ

1916ರ ಸುಮಾರಿಗೆ ವೆಂಕಟಪ್ಪನವರು ಮೈಸೂರಿಗೆ ಹಿಂದಿರುಗಿದರು. ಅವರ ಸಹಪಾಠಿಗಳಲ್ಲಿ ಹಲವರು ಕಲಾಶಾಲೆಗಳ ಮುಖ್ಯಸ್ಥರಾಗಿ, ಅಧ್ಯಾಪಕರಾಗಿ ದೇಶದ ಬೇರೆ ಬೇರೆ ಭಾಗಗಳಲ್ಲಿ ನೆಲೆಸಿದರು. ವೆಂಕಟಪ್ಪನವರು ಆಯ್ದುಕೊಂಡ ಮಾರ್ಗವು ಬೇರೆಯಾಗಿತ್ತು. ಅವರು ವಿವಾಹವಾಗದೆ, ಕಟ್ಟುನಿಟ್ಟಾದ ದಿನಚರಿಯನ್ನು ಪಾಲಿಸುತ್ತ, ತಮ್ಮ ಸಮಯವನ್ನೆಲ್ಲ ಕಲಾಭ್ಯಾಸಕ್ಕೆ ಮೀಸಲಿಟ್ಟರು. ತಮ್ಮ ದೈನಂದಿನ ಬದುಕನ್ನು ದಿನಚರಿ ಪುಸ್ತಕಗಳಲ್ಲಿ ಬರೆದಿಡುವ ಅಭ್ಯಾಸವೂ ಅವರಿಗಿತ್ತು.

ಈ ಅವಧಿಯಲ್ಲಿ ಅವರ ಮನಸ್ಸು ಸಂಗೀತದ ಕಡೆಗೆ ಬಲವಾಗಿ ಸೆಳೆಯಲ್ಪಟ್ಟಿತು. ಮೈಸೂರು ಆಸ್ಥಾನದ ಪ್ರಖ್ಯಾತ ವೈಣಿಕರಾದ ವೀಣೆ ಶೇಷಣ್ಣನವರ ಬಳಿ ಅವರು ಶಿಷ್ಯರಾಗಿ ಸೇರಿ ಹಲವು ವರ್ಷಗಳ ಕಾಲ ವೀಣೆಯನ್ನು ಅಭ್ಯಾಸ ಮಾಡಿದರು. ಚಿತ್ರಕಾರರಾಗಿ ಹೆಸರು ಗಳಿಸಿದ್ದ ವ್ಯಕ್ತಿಯೊಬ್ಬರು ಕುಂಚವನ್ನು ಬದಿಗಿರಿಸಿ ಹೊಸ ವಿದ್ಯೆಯನ್ನು ಮೊದಲಿನಿಂದ ಕಲಿಯಲು ಕುಳಿತದ್ದು ಆಪ್ತರಿಗೆ ಆಶ್ಚರ್ಯವನ್ನು ಉಂಟುಮಾಡುವಂತಹ ಸಂಗತಿಯೇ ಸರಿ. ಎರಡು ವಿದ್ಯೆಗಳ ನಡುವಿನ ಈ ತುಯ್ದಾಟವನ್ನು ಸ್ವತಃ ವೆಂಕಟಪ್ಪನವರೇ, ವೀಣೆಯ ಹುಚ್ಚನ್ನು ವಸ್ತುವಾಗುಳ್ಳ ಚಿತ್ರವೊಂದರಲ್ಲಿ ಬರೆದಿರಿಸಿದ್ದಾರೆ. ತಮ್ಮನ್ನು ತಾವೇ ಲಘುವಾಗಿ ಹಾಸ್ಯ ಮಾಡಿಕೊಂಡ ಆ ಚಿತ್ರವು ಅವರ ಇತರ ಗಂಭೀರ ರಚನೆಗಳಿಗಿಂತ ಭಿನ್ನವಾಗಿರುತ್ತದೆ. ಶೇಷಣ್ಣನವರು 1926ರಲ್ಲಿ ನಿಧನರಾದರು. ವೆಂಕಟಪ್ಪನವರ ಪಾಲಿಗೆ ವೀಣೆಯು ಜೀವನದ ಕೊನೆಯವರೆಗೂ ಸಂಗಾತಿಯಾಗಿ ಉಳಿಯಿತು.

ಪ್ರಕೃತಿ ಚಿತ್ರಗಳು

ವೆಂಕಟಪ್ಪನವರ ರಚನೆಗಳಲ್ಲಿ ಸಾಮಾನ್ಯ ಸಂದರ್ಶಕರನ್ನು ಬಹುಬೇಗ ಆಕರ್ಷಿಸುವುದು ಉದಕಮಂಡಲ ಮತ್ತು ಕೊಡೈಕೆನಾಲ್ ಬೆಟ್ಟಗಳ ದೃಶ್ಯಗಳು. 1920 ಮತ್ತು 1930ರ ದಶಕಗಳಲ್ಲಿ ಅವರು ಈ ಮಾಲಿಕೆಗಳನ್ನು ರಚಿಸಿದರು. ಪುರಾಣದ ಕಥೆಯಾಗಲಿ, ಮನುಷ್ಯರ ಆಕೃತಿಯಾಗಲಿ ಇವುಗಳಲ್ಲಿ ಪ್ರಧಾನವಲ್ಲ. ಸೂರ್ಯೋದಯ, ಬೆಳದಿಂಗಳು, ಕಣಿವೆಯಿಂದ ಏಳುವ ಮಂಜು, ಬಿರುಗಾಳಿಗೆ ಮುನ್ನ ಕವಿಯುವ ಮೋಡ, ಕೆರೆಯ ನೀರಿನ ಮೇಲಿನ ಬೆಳಕು ಇವೇ ಇಲ್ಲಿನ ವಸ್ತು. ಒಂದೇ ಬೆಟ್ಟವು ದಿನದ ಬೇರೆ ಬೇರೆ ವೇಳೆಯಲ್ಲಿ ಬೇರೆಯಾಗಿ ಕಾಣುವುದನ್ನು ತಾಳ್ಮೆಯಿಂದ ಗಮನಿಸಿ ಬಣ್ಣದಲ್ಲಿ ಹಿಡಿದಿರುವುದು ಈ ಚಿತ್ರಗಳ ವೈಶಿಷ್ಟ್ಯ.

ಇವು ದೊಡ್ಡ ಗಾತ್ರದ ಚಿತ್ರಗಳಲ್ಲ. ದೂರದಿಂದ ನೋಡಿ ಮುಂದೆ ಸಾಗಿದರೆ ಅವುಗಳ ಗುಣವು ತಿಳಿಯುವುದಿಲ್ಲ. ಹತ್ತಿರ ನಿಂತು ಕೆಲವು ನಿಮಿಷ ನೋಡಿದಾಗ ಮಂಜಿನ ಹಿಂದಿನ ಮರಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ.

ದಂತದ ಕಿರುಚಿತ್ರಗಳು ಮತ್ತು ಉಬ್ಬುಶಿಲ್ಪಗಳು

ದಂತದ ಮೇಲೆ ಬರೆಯುವ ಕಿರುಚಿತ್ರ ಕಲೆಯಲ್ಲಿಯೂ ವೆಂಕಟಪ್ಪನವರು ಪರಿಣತರಾಗಿದ್ದರು. ಕಾಗದದಂತೆ ದಂತದ ತೆಳುಹಾಳೆಯು ನೀರನ್ನು ಹೀರುವುದಿಲ್ಲ. ಆದ್ದರಿಂದ ಸೂಕ್ಷ್ಮ ಕುಂಚದಿಂದ ಚುಕ್ಕಿಗಳನ್ನೂ ಎಳೆಗಳನ್ನೂ ಸೇರಿಸುತ್ತ ಮುಖದ ಛಾಯೆಯನ್ನು ಮೂಡಿಸಬೇಕಾಗುತ್ತದೆ. ಕೈ ಸ್ವಲ್ಪ ತಪ್ಪಿದರೂ ಮುಖಭಾವವು ಕೆಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ನಂತರದ ತಿದ್ದುಪಡಿಗಳಿಂದ ದಂತದ ವ್ಯಾಪಾರವು ನಿಷೇಧಿತವಾಗಿರುವುದರಿಂದ ಈ ಮಾಧ್ಯಮದ ಹಳೆಯ ಕೃತಿಗಳನ್ನು ಇಂದು ಸಂಗ್ರಹಾಲಯಗಳಲ್ಲಿ ಮಾತ್ರ ನೋಡುವುದು ಉಚಿತ.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅವರು ರಚಿಸಿದ ಉಬ್ಬುಶಿಲ್ಪಗಳು ಅವರ ಇನ್ನೊಂದು ಮುಖ್ಯ ಕೊಡುಗೆ. ಶಿವತಾಂಡವ, ಶಕುಂತಲೆಯನ್ನು ಬೀಳ್ಕೊಡುವ ಸಂದರ್ಭ, ಬುದ್ಧ ಮತ್ತು ಶಿಷ್ಯರು ಮೊದಲಾದ ವಸ್ತುಗಳನ್ನು ಅವರು ಈ ಮಾಧ್ಯಮದಲ್ಲಿ ನಿರೂಪಿಸಿದರು. ಹಿನ್ನೆಲೆಯ ಫಲಕದಿಂದ ಆಕೃತಿಯು ಅಲ್ಪವೇ ಮೇಲೆದ್ದಿದ್ದರೂ, ಬೆಳಕು ಒಂದು ಬದಿಯಿಂದ ಬಿದ್ದಾಗ ಅದಕ್ಕೆ ಆಳ ಒದಗುತ್ತದೆ. ಚಿತ್ರಕಾರನ ರೇಖೆ ಮತ್ತು ಶಿಲ್ಪಿಯ ಉಳಿ ಇಲ್ಲಿ ಒಂದಾಗಿವೆ. ನಾಲ್ವಡಿಯವರ ಆಶಯದಂತೆ ಮೈಸೂರು ಅರಮನೆಗಾಗಿಯೂ ಅವರು ಇಂತಹ ಉಬ್ಬುಶಿಲ್ಪಗಳನ್ನು ಸಿದ್ಧಪಡಿಸಿದರು.

ಅರಮನೆಯೊಡನೆ ವ್ಯಾಜ್ಯ

ವೆಂಕಟಪ್ಪನವರ ಜೀವನದ ಅತ್ಯಂತ ಕಠಿಣ ಅಧ್ಯಾಯವು ಇದೇ ಕೆಲಸದಿಂದ ಆರಂಭವಾಯಿತು. 1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ನಿಧನರಾದರು. ಕಲಾವಿದರಿಗೂ ಅರಮನೆಗೂ ಇದ್ದ ಸಂಬಂಧವು ಬಹುಮಟ್ಟಿಗೆ ಅರಸರ ವೈಯಕ್ತಿಕ ಗೌರವ ಮತ್ತು ವಿಶ್ವಾಸದ ಮೇಲೆ ನಿಂತಿತ್ತು. ಅರಸರು ಇಲ್ಲವಾದ ಮೇಲೆ, ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಪ್ರತಿಫಲದ ವಿಷಯದಲ್ಲಿ ಭಿನ್ನಾಭಿಪ್ರಾಯ ತಲೆದೋರಿ ಅದು ನ್ಯಾಯಾಲಯದವರೆಗೂ ಹೋಯಿತು.

ವಿವಾದದ ಮೂಲದಲ್ಲಿ ಎರಡು ಬಗೆಯ ಲೆಕ್ಕಾಚಾರಗಳು ಇದ್ದವು. ಕೆಲಸಕ್ಕೆ ಹಿಡಿದ ದಿನಗಳನ್ನು ಎಣಿಸಿ, ಬಳಸಿದ ಸಾಮಗ್ರಿಯ ಬೆಲೆಯನ್ನು ಸೇರಿಸಿ, ಒಪ್ಪಂದದ ಪತ್ರವನ್ನು ನೋಡಿ ಮೊತ್ತವನ್ನು ನಿಗದಿಪಡಿಸುವುದು ಒಂದು ಲೆಕ್ಕ. ವರ್ಷಗಳ ಸಾಧನೆಯಿಂದ ಬಂದ ಕೌಶಲಕ್ಕೆ ಮತ್ತು ಮತ್ತೊಬ್ಬರಿಂದ ಆಗದ ರಚನೆಗೆ ಬೆಲೆ ಕಟ್ಟುವುದು ಇನ್ನೊಂದು ಲೆಕ್ಕ. ಹಳೆಯ ಪದ್ಧತಿಯಲ್ಲಿ ಚಿತ್ರಕಾರನು ಅರಮನೆಯ ನೌಕರನಾಗಿದ್ದುದರಿಂದ ಈ ಎರಡನೆಯ ಲೆಕ್ಕದ ಮಾತೇ ಏಳುತ್ತಿರಲಿಲ್ಲ. ಕಲ್ಕತ್ತೆಯಲ್ಲಿ ಕಲಿತು, ತಮ್ಮ ಹೆಸರಿನಲ್ಲಿ ಚಿತ್ರಗಳನ್ನು ಪ್ರಕಟಿಸಿದ್ದ ವೆಂಕಟಪ್ಪನವರು ತಮ್ಮನ್ನು ನೌಕರನೆಂದು ತಿಳಿಯಲು ಸಿದ್ಧರಿರಲಿಲ್ಲ. ಕುಲವೃತ್ತಿಯ ಚಿತ್ರಕಾರರ ಮನೆಯಲ್ಲಿ ಹುಟ್ಟಿದ ವ್ಯಕ್ತಿಯೊಬ್ಬರು ತಮ್ಮ ಶ್ರಮದ ಬೆಲೆಗಾಗಿ ಆಶ್ರಯ ನೀಡಿದ ಅರಮನೆಯನ್ನೇ ಪ್ರಶ್ನಿಸಿದ್ದು ಆ ಕಾಲಕ್ಕೆ ಅಪರೂಪದ ಸಂಗತಿ. ಇದಕ್ಕಾಗಿ ಅವರು ಮೈಸೂರಿನಲ್ಲಿ ತಮಗಿದ್ದ ನೆಲೆಯನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳಬೇಕಾಯಿತು.

ಬೆಂಗಳೂರಿನ ವರ್ಷಗಳು ಮತ್ತು ನಿಧನ

ನಂತರದ ವರ್ಷಗಳನ್ನು ವೆಂಕಟಪ್ಪನವರು ಬೆಂಗಳೂರಿನಲ್ಲಿ ಕಳೆದರು. ಸಭೆ ಸಮಾರಂಭಗಳಿಂದ ದೂರವಿದ್ದು, ಏಕಾಂತದಲ್ಲಿ ಬದುಕಿದರು. ತಮ್ಮ ರಚನೆಗಳ ಗಣನೀಯ ಭಾಗವನ್ನು ತಮ್ಮ ಬಳಿಯೇ ಉಳಿಸಿಕೊಂಡಿದ್ದರು. ಒಂದೊಂದಾಗಿ ಚಿತ್ರಗಳನ್ನು ಮಾರಿದ್ದಲ್ಲಿ ಅವರ ಜೀವನವು ಇನ್ನಷ್ಟು ಅನುಕೂಲವಾಗಿರುತ್ತಿತ್ತು. ಆದರೆ ಹಾಗೆ ಚದುರಿದ ಚಿತ್ರಗಳು ಖಾಸಗಿ ಮನೆಗಳ ಗೋಡೆಗಳನ್ನು ಸೇರಿ, ಅವರ ಕಲಾಜೀವನದ ಆರಂಭದಿಂದ ಕೊನೆಯವರೆಗಿನ ಬೆಳವಣಿಗೆಯನ್ನು ಒಂದೆಡೆ ನೋಡುವ ಅವಕಾಶವು ನಾಡಿಗೆ ದೊರೆಯುತ್ತಿರಲಿಲ್ಲ.

ಶ್ರೀ ಕೆ. ವೆಂಕಟಪ್ಪನವರು 1965ರಲ್ಲಿ ನಿಧನರಾದರು. ಅವರ ಬಳಿ ಉಳಿದಿದ್ದ ಕೃತಿಗಳು ಸರ್ಕಾರದ ಸುಪರ್ದಿಗೆ ಬಂದವು.

ವೆಂಕಟಪ್ಪ ಚಿತ್ರಶಾಲೆ

ಈ ಕೃತಿಗಳ ಸಂರಕ್ಷಣೆ ಮತ್ತು ಪ್ರದರ್ಶನಕ್ಕಾಗಿ ಕಸ್ತೂರಬಾ ರಸ್ತೆಯಲ್ಲಿ ನಿರ್ಮಿಸಲಾದ ಕಟ್ಟಡವು 1970ರ ದಶಕದಲ್ಲಿ ಸಾರ್ವಜನಿಕರಿಗೆ ತೆರೆಯಿತು. ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯವು 1865ರಲ್ಲಿ ಸ್ಥಾಪಿತವಾದುದು. ಅದರ ಕೆಂಪು ಕಟ್ಟಡವು 1877ರದು. ವೆಂಕಟಪ್ಪನವರ ಕೃತಿಗಳಲ್ಲದೆ, ಪ್ರಸಿದ್ಧ ಚಿತ್ರಕಾರರಾದ ಕೆ.ಕೆ. ಹೆಬ್ಬಾರ್ ಅವರ ಚಿತ್ರಗಳು ಮತ್ತು ಶಿಲ್ಪಿ ರಾಜಾರಾಂ ಅವರ ಕೃತಿಗಳೂ ಚಿತ್ರಶಾಲೆಯ ಸಂಗ್ರಹಕ್ಕೆ ಸೇರಿವೆ. ಕಡಿಮೆ ಬಾಡಿಗೆಗೆ ದೊರೆಯುತ್ತಿದ್ದ ಇಲ್ಲಿನ ಪ್ರದರ್ಶನಾಂಗಣದಲ್ಲಿ ನಾಡಿನ ಅನೇಕ ಯುವ ಕಲಾವಿದರು ತಮ್ಮ ಮೊದಲ ಪ್ರದರ್ಶನಗಳನ್ನು ಏರ್ಪಡಿಸಿದ್ದಾರೆ.

2016ರಲ್ಲಿ ಚಿತ್ರಶಾಲೆಯ ಅಭಿವೃದ್ಧಿ ಮತ್ತು ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಒಪ್ಪಂದದ ವಿಚಾರವು ಸಾರ್ವಜನಿಕ ಚರ್ಚೆಗೆ ಬಂದಿತು. ಬೆಂಗಳೂರಿನ ಕಲಾವಿದರು ಚಿತ್ರಶಾಲೆಯು ಸರ್ಕಾರದ ಅಧೀನದಲ್ಲಿಯೇ ಉಳಿಯಬೇಕೆಂದು ಒತ್ತಾಯಿಸಿ ಕಟ್ಟಡದ ಎದುರು ಸೇರಿದರು. ಮುಂದೆ ಆ ಒಪ್ಪಂದವು ಜಾರಿಗೆ ಬರಲಿಲ್ಲ. ಕೃತಿಯು ಯಾರಿಗೆ ಸೇರಿದುದು ಎಂಬ ವೆಂಕಟಪ್ಪನವರ ಕಾಲದ ಪ್ರಶ್ನೆಯೇ ಅವರು ತೀರಿಕೊಂಡ ಐವತ್ತು ವರ್ಷಗಳ ನಂತರ ಅವರ ಹೆಸರಿನ ಕಟ್ಟಡದ ಮುಂದೆ ಮತ್ತೆ ಕೇಳಿಬಂದಿತೆಂದು ಹೇಳಬಹುದು. ಅಂದು ಉತ್ತರಕ್ಕಾಗಿ ಅವರೊಬ್ಬರೇ ಹೋರಾಡಿದ್ದರು. ಈ ಬಾರಿ ನಾಗರಿಕರೂ ಕಲಾವಿದರೂ ಜೊತೆಯಾಗಿ ನಿಂತರು.

ಸಂದರ್ಶಕರ ಮಾಹಿತಿಗಾಗಿ

ಕೆಂಗೇರಿ, ಅತ್ತಿಗುಪ್ಪೆ, ವಿಜಯನಗರ ಮತ್ತು ಹೊಸಹಳ್ಳಿ ಭಾಗದ ನಾಗರಿಕರು ಮೆಟ್ರೋ ನೇರಳೆ ಮಾರ್ಗದಲ್ಲಿ ಬದಲಾವಣೆಯಿಲ್ಲದೆ ಕಬ್ಬನ್ ಪಾರ್ಕ್ ನಿಲ್ದಾಣವನ್ನು ತಲುಪಿ, ಅಲ್ಲಿಂದ ಕಸ್ತೂರಬಾ ರಸ್ತೆಗೆ ನಡೆದು ಹೋಗಬಹುದು. ರಾಜಾಜಿನಗರದಿಂದ ಬರುವವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಳ್ಳಬೇಕು. ಬಸವೇಶ್ವರನಗರದವರು ಬಸ್ಸಿನಲ್ಲಿ ಮೆಜೆಸ್ಟಿಕ್ ಅಥವಾ ಸಮೀಪದ ಮೆಟ್ರೋ ನಿಲ್ದಾಣವನ್ನು ತಲುಪಿ ಮುಂದುವರಿಯಬಹುದು.

ಕಸ್ತೂರಬಾ ರಸ್ತೆಯಲ್ಲಿಯೇ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ, 2023ರ ಫೆಬ್ರವರಿಯಲ್ಲಿ ಆರಂಭವಾದ ಖಾಸಗಿ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯವೂ ಇರುತ್ತವೆ. ಹೀಗಾಗಿ ಚಿತ್ರ, ಶಿಲ್ಪ ಮತ್ತು ಛಾಯಾಚಿತ್ರಗಳನ್ನು ಒಂದೇ ದಿನದಲ್ಲಿ, ಒಂದೇ ರಸ್ತೆಯಲ್ಲಿ ನೋಡುವ ಅನುಕೂಲವಿದೆ. ಬೆಟ್ಟದ ಬೆಳಕನ್ನು ಕುಂಚವು ಹಿಡಿದ ಬಗೆಗೂ ಕ್ಯಾಮೆರಾ ಹಿಡಿಯುವ ಬಗೆಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಲು ಇದು ಉತ್ತಮ ಅವಕಾಶ. ಪಶ್ಚಿಮ ಬೆಂಗಳೂರಿಗೂ ತನ್ನದೇ ಆದ ಚಿತ್ರಕಾರರಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಸ್ವಾತಂತ್ರ್ಯ ಹೋರಾಟಗಾರರೂ ಬೆಂಗಳೂರಿನ ಹೂಬಿಟ್ಟ ಮರಗಳ ಚಿತ್ರಗಳಿಗೆ ಹೆಸರಾದವರೂ ಆದ ರುಮಾಲೆ ಚನ್ನಬಸವಯ್ಯನವರು (1910–1988) ರಾಜಾಜಿನಗರದಲ್ಲಿ ನೆಲೆಸಿ ಚಿತ್ರಗಳನ್ನು ರಚಿಸಿದವರು.

ಸಂದರ್ಶಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

1. ಸರ್ಕಾರಿ ರಜಾದಿನಗಳು, ವಾರದ ರಜೆ ಮತ್ತು ನವೀಕರಣ ಕಾರ್ಯಗಳ ಕಾರಣ ಕೆಲವು ವಿಭಾಗಗಳು ಮುಚ್ಚಿರುವ ಸಾಧ್ಯತೆ ಇರುವುದರಿಂದ, ಹೊರಡುವ ಮೊದಲು ಪ್ರವೇಶದ ವೇಳೆ ಮತ್ತು ಶುಲ್ಕವನ್ನು ಖಚಿತಪಡಿಸಿಕೊಳ್ಳಬೇಕು.

2. ಜಲವರ್ಣ ಚಿತ್ರಗಳು ಪ್ರಖರ ಬೆಳಕಿನಿಂದ ಮಾಸುತ್ತವೆ ಮತ್ತು ಒಮ್ಮೆ ಮಾಸಿದ ಬಣ್ಣವನ್ನು ಹಿಂದಿನಂತೆ ಮಾಡಲಾಗುವುದಿಲ್ಲ. ಇಂತಹ ಚಿತ್ರಗಳಿರುವ ಕೊಠಡಿಗಳಲ್ಲಿ ಮಂದ ಬೆಳಕು ಇರುವುದು ಈ ಕಾರಣದಿಂದ. ಫ್ಲ್ಯಾಷ್ ಬಳಸಿ ಛಾಯಾಚಿತ್ರ ತೆಗೆಯಬಾರದು.

3. ಉಬ್ಬುಶಿಲ್ಪಗಳನ್ನು ಮುಟ್ಟಬಾರದು. ಕೈಯ ಬೆವರು ಮತ್ತು ಎಣ್ಣೆಯ ಅಂಶವು ಪ್ಲಾಸ್ಟರಿನಲ್ಲಿ ಇಂಗಿ ಕಲೆಯಾಗಿ ಉಳಿಯುತ್ತದೆ.

4. ಶಾಲಾ ಮಕ್ಕಳ ತಂಡಗಳನ್ನು ಕರೆತರುವ ಮುಖ್ಯೋಪಾಧ್ಯಾಯರು ಮಕ್ಕಳ ಸಂಖ್ಯೆ ಮತ್ತು ದಿನಾಂಕವನ್ನು ತಿಳಿಸಿ ಮುಂಚಿತವಾಗಿ ಪತ್ರ ಬರೆಯುವುದು ಅನುಕೂಲಕರ. ಸಂಶೋಧನೆಗಾಗಿ ಕೃತಿಗಳ ಛಾಯಾಪ್ರತಿ ಬೇಕಾದವರು ಉದ್ದೇಶವನ್ನು ನಮೂದಿಸಿ ಲಿಖಿತ ಕೋರಿಕೆಯನ್ನು ಸಲ್ಲಿಸಬೇಕು.

ಉಪಸಂಹಾರ

ವೆಂಕಟಪ್ಪನವರು ಶಿಷ್ಯರ ದೊಡ್ಡ ಪರಂಪರೆಯನ್ನು ಕಟ್ಟಲಿಲ್ಲ, ಆಸ್ತಿಯನ್ನು ಗಳಿಸಲಿಲ್ಲ, ಸಂಸಾರವನ್ನು ಹೂಡಲಿಲ್ಲ. ಅವರು ಬಿಟ್ಟುಹೋದುದು ಕಾಗದ, ದಂತ ಮತ್ತು ಪ್ಲಾಸ್ಟರಿನ ಮೇಲಿನ ತಮ್ಮ ಜೀವಮಾನದ ಕೆಲಸವನ್ನು ಮಾತ್ರ. ಅರಮನೆಯಲ್ಲಿ ಅವರ ಶ್ರಮದ ಬೆಲೆಯು ವಿವಾದವಾಗಿಯೇ ಉಳಿಯಿತು. ಆದರೆ ಅವರ ಕೃತಿಗಳು ಇಂದು ಸಾರ್ವಜನಿಕ ಸ್ವತ್ತಾಗಿವೆ. ಅವು ಯಾವ ಒಬ್ಬರ ಆಸ್ತಿಯೂ ಅಲ್ಲದಿರುವುದರಿಂದ, ಕೆಂಗೇರಿಯಿಂದ ಮೆಟ್ರೋ ಏರಿ ಬರುವ ವಿದ್ಯಾರ್ಥಿಗೂ ಅವುಗಳ ಮೇಲೆ ಸಮಾನವಾದ ಹಕ್ಕು ಇರುತ್ತದೆ. ಈ ಹಕ್ಕನ್ನು ಚಲಾಯಿಸಲು ಯಾವುದೇ ಪ್ರಮಾಣ ಪತ್ರದ ಅಗತ್ಯವಿಲ್ಲ. ಬಿಡುವು ಮಾಡಿಕೊಂಡು ಬಂದು, ಚಿತ್ರಗಳ ಎದುರು ಸ್ವಲ್ಪ ಹೊತ್ತು ನಿಂತರೆ ಸಾಕು.